ಕಲ್ಲಿಗೆ ಹೋದ ದ್ಯಾವಪ್ಪ

ಈ ಕಥೆಯನ್ನು ದ್ಯಾವಪ್ಪನ ಬಾಯಲ್ಲೇ ಕೇಳಬೇಕಿತ್ತು. ಹೈದರಾಬಾದಿನ ಉಪ್ಪಲ್‌ನ ಕೂಲಿ ಅಡ್ಡಾದಲ್ಲಿ ಬೆಳಗಿನ ಚಹಾದ ಹೊತ್ತಿಗೆ, ಕೆಲಸಕ್ಕೆ ಕರೆಯುವವರು ಇನ್ನೂ ಬಂದಿರದಾಗ, ಅವನು ಶುರು ಮಾಡಿದನೆಂದರೆ ಚಹಾದಂಗಡಿಯವನೂ ಸ್ಟೋವ್ ಸಣ್ಣ ಮಾಡಿ ನಿಲ್ಲುತ್ತಿದ್ದ. ಕಳೆದ ಪುಷ್ಯ ಮಾಸದಲ್ಲಿ ದ್ಯಾವಪ್ಪ ತೀರಿಹೋದ. ಈಗ ಅದೇ ಕಥೆಯನ್ನು ಅಡ್ಡಾದಲ್ಲಿ ಎಲ್ಲರೂ ಹೇಳುತ್ತಾರೆ, ಒಬ್ಬೊಬ್ಬರು ಒಂದೊಂದು ಸೇರಿಸುತ್ತಾರೆ, ಎಲ್ಲರೂ ನಗುತ್ತಾರೆ. ಅವನು ಹೇಳುತ್ತಿದ್ದ ಹಾಗೆಯೇ, ಏನೂ ಸೇರಿಸದೆ, ಒಮ್ಮೆ ಬರೆದಿಡುವುದು ಒಳ್ಳೆಯದು.

ದ್ಯಾವಪ್ಪ ಯಾದಗಿರಿ ಜಿಲ್ಲೆಯ ಹುಣಸಗಿ ಕಡೆಯವನು. ನೆಲಕ್ಕೆ ಹಾಸುವ ಪರ್ಸಿ ಕಲ್ಲನ್ನು ಕೆತ್ತಿ, ಅಂಚು ನೇರ ಮಾಡಿ, ಸಂದು ಕಾಣದ ಹಾಗೆ ಕೂರಿಸುವುದು ಅವನ ಕೆಲಸ. ಹೆಂಡತಿ ಗದಿಗೆಮ್ಮನೂ ಕಲ್ಲಿನ ಗಣಿಯಲ್ಲೇ ಬೆಳೆದವಳು. ಊರ ಕಡೆ ಮನೆಮನೆಗೂ ಟೈಲ್ಸ್ ಬಂದು ಕಲ್ಲು ಕೇಳುವವರು ಕಡಿಮೆಯಾದಾಗ, ಹೈದರಾಬಾದಿನಲ್ಲಿ ದೊಡ್ಡ ಬಂಗಲೆಗಳವರು ಅಂಗಳಕ್ಕೆ ಕಲ್ಲೇ ಬೇಕೆನ್ನುತ್ತಾರೆಂದು ಯಾರೋ ಹೇಳಿದರು. ಗದಿಗೆಮ್ಮನನ್ನು ಊರಲ್ಲಿ ಬಿಟ್ಟು, ಉಳಿ, ಸುತ್ತಿಗೆ, ಮಟ್ಟಗೋಲುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಅವನು ಯಾದಗಿರಿಯಲ್ಲಿ ರೈಲು ಹತ್ತಿದ.

ಸಿಕಂದರಾಬಾದಿನಲ್ಲಿ ಇಳಿದು ಉಪ್ಪಲ್ ಬಸ್ಸು ಹಿಡಿದಾಗ ಅವನಿಗೆ ತೆಲುಗಿನ ಒಂದು ಮಾತೂ ಬರುತ್ತಿರಲಿಲ್ಲ. ಆದರೆ ಕಿಟಕಿಯಾಚೆಯ ಬೋರ್ಡುಗಳನ್ನು ನೋಡಿ ಧೈರ್ಯ ಬಂತು. ನಮ್ಮ ಅಕ್ಷರಗಳೇ ತಲೆಕಟ್ಟು ಬದಲಿಸಿಕೊಂಡು ನಿಂತ ಹಾಗಿದ್ದವು. ಕೂಡಿಸಿ ಕೂಡಿಸಿ ಓದುತ್ತ ಹೋದ. ಉಪ್ಪಲ್ ದಾಟಿ ಸ್ವಲ್ಪ ದೂರದಲ್ಲಿ ಎತ್ತರದ ಗೋಡೆ, ದೊಡ್ಡ ಗೇಟು, ಗೇಟಿನ ಮೇಲೆ ಬೋರ್ಡು: ಕಲ್ಲು ಕಾಂಪೌಂಡ್. ದ್ಯಾವಪ್ಪ ಬಸ್ಸು ನಿಲ್ಲಿಸಿ ಇಳಿದೇಬಿಟ್ಟ.

ನಮ್ಮ ಕಡೆ ಸೇಂದಿ ಎನ್ನುವುದಕ್ಕೆ ತೆಲುಗಿನಲ್ಲಿ ಕಲ್ಲು ಎನ್ನುತ್ತಾರೆ. ಇದು ಅವನಿಗೆ ಹೇಗೆ ಗೊತ್ತಿರಬೇಕು? ಗಲ್ಲಾದಲ್ಲಿ ಕೂತವನ ಮುಂದೆ ಚೀಲ ಇಳಿಸಿ, ತನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದ: “ಕಲ್ಲು ಕೆ ವಾಸ್ತೆ ಆಯಾ ಸಾಬ್.”

“ಸಬ್ ಉಸೀಚ್ ಕೆ ವಾಸ್ತೆ ಆತೆ,” ಎಂದ ಗಲ್ಲಾದವನು, ಎಲ್ಲರೂ ಅದಕ್ಕೇ ಬರುವುದೆಂಬಂತೆ. ಆಮೇಲೆ ಎಷ್ಟು ಬೇಕೆಂದು ತೆಲುಗಿನಲ್ಲಿ ಕೇಳಿದ, “ಎನ್ನಿ?”

ಎಷ್ಟು ಜನ ಬಂದಿದ್ದೀರಿ ಎಂದು ಕೇಳುತ್ತಿದ್ದಾನೆ ಅಂದುಕೊಂಡು ದ್ಯಾವಪ್ಪ ಒಂದು ಬೆರಳು ಎತ್ತಿದ. ಒಂದು ಸೀಸೆ ಬಂತು. ಬೆಳ್ಳಗೆ, ತಣ್ಣಗೆ, ಸಿಹಿಯಾಗಿತ್ತು. ಈ ಪಟ್ಟಣದವರು ದೊಡ್ಡ ಮನುಷ್ಯರು, ಕೆಲಸಕ್ಕೆ ಬಂದವನಿಗೆ ಮೊದಲು ಶರಬತ್ತು ಕೊಟ್ಟು ಉಪಚರಿಸುತ್ತಾರೆ ಎಂದುಕೊಂಡು ಕುಡಿದ. ಬಾಯಿ ಒರೆಸಿಕೊಂಡು ಸುತ್ತ ನೋಡಿದ. ಸಿಮೆಂಟಿನ ಕಟ್ಟೆ, ಗುಗ್ಗರಿ ಮಾರುವವಳು, ಗೋಡೆಗೆ ಒರಗಿದ ಜನ ಕಂಡರು. ಒಂದು ಕಲ್ಲೂ ಕಾಣಲಿಲ್ಲ.

“ಸಾಬ್, ಔರ್ ಕಲ್ಲು ಕಹಾಂ?”

ಇನ್ನೊಂದು ಸೀಸೆ ಬಂತು.

ಅವನು ಎಷ್ಟು ಸಲ ಕಲ್ಲು ಕೇಳಿದನೋ ಅಷ್ಟು ಸೀಸೆ ಬಂದವು. ಮಧ್ಯಾಹ್ನ ಗೋಡೆಗೆ ಒರಗಿದವನು ಕಣ್ಣು ಬಿಟ್ಟಾಗ ಸೂರ್ಯ ಮುಳುಗುತ್ತಿದ್ದ. ಗಲ್ಲಾದವನು ಕೈಚಾಚಿದಾಗಲೇ ಅದು ಉಪಚಾರವಲ್ಲವೆಂದು ಅವನಿಗೆ ತಿಳಿದದ್ದು. ಮರುದಿನ ಅಡ್ಡಾದಲ್ಲಿ ಈ ಸಂಗತಿ ಹೇಳಿದಾಗ ಕನ್ನಡದ ಕೂಲಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜಾಸ್ತಿ ನಕ್ಕವನು ದ್ಯಾವಪ್ಪನೇ.

ಅವನಿಗೆ ನಿಜವಾದ ಕಲ್ಲಿನ ಕೆಲಸವೂ ಸಿಕ್ಕಿತು. ಮಣಿಕೊಂಡದ ಕಡೆ ಹೊಸ ಬಂಗಲೆಗಳ ಅಂಗಳಕ್ಕೆ ಪರ್ಸಿ ಹಾಸುವುದು. ಆದರೆ ಆ ಮೊದಲ ದಿನದ ನಿದ್ದೆ ಮೈಯೊಳಗೆ ಉಳಿದುಬಿಟ್ಟಿತ್ತು. ಸೊಳ್ಳೆ, ಸಿಮೆಂಟಿನ ಧೂಳು, ತಗಡಿನ ಶೆಡ್ಡಿನ ಕಾವು, ಯಾವುದೂ ತಟ್ಟದ ನಿದ್ದೆ. ಮೊದಲ ಸಲ ತಪ್ಪಿ ಹೋದೆ, ಎರಡನೇ ಸಲ ನಗಲಿಕ್ಕೆ ಹೋದೆ, ಮೂರನೇ ಸಲ ಮಲಗಲಿಕ್ಕೆ ಹೋದೆ ಎಂದು ಅವನು ಹೇಳುತ್ತಿದ್ದ. ನಾಲ್ಕನೆಯದನ್ನು ಅವನು ಹೇಳುತ್ತಿರಲಿಲ್ಲ.

ಗದಿಗೆಮ್ಮ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಹೆಂಡತಿಗೆ ಸುಳ್ಳು ಹೇಳಬಾರದು ಎಂಬುದು ದ್ಯಾವಪ್ಪನ ನೇಮ. ಆ ನೇಮವನ್ನು ಅವನು ಮುರಿಯಲೇ ಇಲ್ಲ.

“ಎಲ್ಲಿ ಅದೀರಿ?”

“ಕಲ್ಲಿನ ಕಡಿ ಅದೀನಿ.”

“ಹೊತ್ತು ಮುಳುಗಿದ್ರೂ ಕಲ್ಲಿನ ಕಡೀನ? ಎಷ್ಟ್ ಆದ್ವು ಇವತ್ತ?”

“ಎರಡು.”

“ಬರೇ ಎರಡ?”

“ದೊಡ್ಡವು,” ಎನ್ನುತ್ತಿದ್ದ ದ್ಯಾವಪ್ಪ, ಪಕ್ಕದಲ್ಲಿ ಕೂತವರು ನಗು ತಡೆಯಲಾರದೆ ಬಾಯಿಗೆ ಟವೆಲ್ ಇಟ್ಟುಕೊಳ್ಳುತ್ತಿರುವಾಗ.

ಎರಡು ಇದ್ದದ್ದು ನಾಲ್ಕಾಯಿತು, ನಾಲ್ಕು ಆರಾಯಿತು. ಗದಿಗೆಮ್ಮ ಊರಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದಳು: ನಮ್ಮ ಮನಿಯವ್ರು ದಿನಕ್ಕ ಆರು ದೊಡ್ಡ ಕಲ್ಲು ಮುಗಸ್ತಾರ, ಹೈದರಾಬಾದಿನ ಮಂದಿ ಬಾಯಿ ಮ್ಯಾಲ ಬೆರಳು ಇಟಗೊಂಡಾರ. ಆದರೆ ಫೋನಿನಲ್ಲಿ ಗಂಡನ ದನಿ ದಿನೇದಿನೇ ಮೆತ್ತಗಾಗುತ್ತ, ನಾಲಿಗೆ ಎಳೆಯುತ್ತ ಬಂತು. ಪಾಪ, ದಣಿದು ಹೋಗ್ಯಾರ ಅಂದುಕೊಂಡಳು. ಕಟಿ ರೊಟ್ಟಿ, ಶೇಂಗಾ ಚಟ್ನಿ, ಸೊಂಟಕ್ಕೆ ತಿಕ್ಕಲು ಒಂದು ಬಾಟಲಿ ಎಣ್ಣೆ ಕಟ್ಟಿಕೊಂಡು, ಎಂಟು ದಿನ ಇದ್ದು ಬರುತ್ತೇನೆಂದು ತಮ್ಮ ಮಲ್ಲುವಿಗೆ ಹೇಳಿ ರೈಲು ಹತ್ತಿದಳು.

ದ್ಯಾವಪ್ಪ ಬಾಡಿಗೆಗಿದ್ದದ್ದು ಬಸ್ತಿ ಎಂದು ಕರೆಯುವ ಕೂಲಿಯವರ ಕೇರಿಯಲ್ಲಿ; ಆ ಓಣಿಯಲ್ಲಿ ಪಕ್ಕದ ಕೋಣೆಯವಳು ಗಿರಿಜಾಬಾಯಿ. ಬೀದರ್ ಕಡೆಯಿಂದ ಸಣ್ಣ ವಯಸ್ಸಿನಲ್ಲೇ ಬಂದು, ಮೊಮ್ಮಕ್ಕಳನ್ನೂ ಇಲ್ಲೇ ಕಂಡವಳು. ಕನ್ನಡ ಬಿಟ್ಟಿರಲಿಲ್ಲ, ಆದರೆ ಅವಳ ಕನ್ನಡದಲ್ಲಿ ಕಲ್ಲು ಎಂಬುದಕ್ಕೆ ಈಗ ಒಂದೇ ಅರ್ಥ ಉಳಿದಿತ್ತು.

“ಎಲ್ಲಿಗೆ ಹೋಗ್ಯಾರ್ರಿ ನಮ್ಮವ್ರು?” ಎಂದು ಗದಿಗೆಮ್ಮ ಕೇಳಿದಳು.

“ಎಲ್ಲಿಗಿ ಹೋಗ್ತಾನವ್ವ, ಕಲ್ಲಿಗಿ ಹೋಗ್ಯಾನ.”

“ದಾರಿ ತೋರಸ್ರಿ ಅಕ್ಕಾ, ನಾನೂ ಹೋಗ್ತೀನಿ.”

“ನೀನೂ ಹೋಗ್ತಿ?”

“ಹೂಂನ್ರಿ. ಸಣ್ಣಾಕಿ ಇದ್ದಾಗಿಂದ ಕಲ್ಲಿನ ರೂಢಿ ಐತಿ ನನಗ.”

ಗಿರಿಜಾಬಾಯಿ ಹೆಚ್ಚುತ್ತಿದ್ದ ಬೆಳ್ಳುಳ್ಳಿ ಕೆಳಗಿಟ್ಟಳು. “ಸಣ್ಣಾಕಿ ಇದ್ದಾಗಿಂದ?”

“ನಮ್ಮವ್ವ ನಾ ಹೊಟ್ಟ್ಯಾಗ ಇದ್ದಾಗೂ ಕಲ್ಲು ಬಿಟ್ಟಿದ್ದಿಲ್ರಿ. ಹೆರಿಗಿ ದಿನಾನೂ ಮುಂಜಾನಿ ಹೋಗಿ ಬಂದಿದ್ಲಂತ.”

“ಯವ್ವಾ,” ಎಂದಳು ಗಿರಿಜಾಬಾಯಿ ಮೆಲ್ಲಗೆ. “ನಿಮ್ಮಪ್ಪ ಏನೂ ಅಂತಿದ್ದಿಲ್ಲ?”

“ಅಪ್ಪ ಏನಂತಾನ್ರಿ, ಅಂವನ ಕಲಿಸಿದ್ದು. ಮನಿಮಂದೆಲ್ಲಾ ಅದರಾಗ ಇದ್ವಿ.”

ಬಸ್ತಿಯಲ್ಲಿ ಬಗೆಬಗೆಯ ಮನೆತನ ನೋಡಿದ್ದ ಗಿರಿಜಾಬಾಯಿ ಇಂಥದನ್ನು ನೋಡಿರಲಿಲ್ಲ. ಚಪ್ಪಲಿ ಮೆಟ್ಟಿ ತಾನೇ ಕರೆದುಕೊಂಡು ಹೋಗಿ ಗೇಟಿನ ಮುಂದೆ ನಿಲ್ಲಿಸಿದಳು.

ಗದಿಗೆಮ್ಮ ಬೋರ್ಡು ಓದಿದಳು. ಒಳಗೆ ಹೋದಳು. ಕಟ್ಟೆಯ ಮೇಲೆ ಗಂಡ ಕೂತಿದ್ದ, ಮುಂದೆ ಸೀಸೆಗಳಿದ್ದವು. ತಲೆಯ ಮೇಲೆ ರೊಟ್ಟಿ ಗಂಟು ಹೊತ್ತ ಹೆಂಡತಿಯನ್ನು ಕಂಡು ದ್ಯಾವಪ್ಪ ಎದ್ದು ನಿಲ್ಲಲು ನೋಡಿ ಮತ್ತೆ ಕೂತ.

“ಇವೇನ್ರಿ?”

“ಕಲ್ಲು.”

“ಯಾವ ಕಲ್ಲು?”

“ಇಲ್ಲಿ ಇದಕ್ಕ ಕಲ್ಲು ಅಂತಾರ ಗದಿಗೀ. ಬೋರ್ಡ್ ನೋಡಿದೆಲ್ಲ. ನಾ ನಿನಗ ಒಂದ್ ದಿನಾನೂ ಸುಳ್ಳು ಹೇಳಿಲ್ಲ.”

ಗದಿಗೆಮ್ಮ ಸೀಸೆಗಳನ್ನು ಎಣಿಸಿದಳು. ಆರು ಇದ್ದವು. “ದೊಡ್ಡವ ಅದಾವ,” ಎಂದಳು. ಹಾಗೆನ್ನುತ್ತಲೇ ಅವಳಿಗೆ ನಗು ಬಂತು. ಊರಲ್ಲಿ ತಾನು ಹೇಳಿಕೊಂಡದ್ದು, ಗಿರಿಜಾಬಾಯಿಗೆ ತವರಿನ ಬಗ್ಗೆ ಹೇಳಿದ್ದು ನೆನಪಾಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಗಲ್ಲಾದವನು ನಕ್ಕ, ಗುಗ್ಗರಿಯವಳು ನಕ್ಕಳು. ಬದುಕಿದೆ ಎಂದುಕೊಂಡು ದ್ಯಾವಪ್ಪನೂ ನಕ್ಕ.

“ಬಂದಾಕಿ ಬಂದೀನಿ, ಉಣ್ರಿ,” ಎಂದು ಅವಳು ಗಂಟು ಬಿಚ್ಚಿ ರೊಟ್ಟಿ ಮುಂದಿಟ್ಟಳು.

ದ್ಯಾವಪ್ಪ ರೊಟ್ಟಿ ಮುರಿದ. ಚಟ್ನಿ ಹಚ್ಚಿಕೊಂಡ. ತುತ್ತು ಬಾಯಿಯ ಕಡೆ ಹೊರಟದ್ದು ಗದ್ದಕ್ಕೆ ತಾಗಿತು. ಮತ್ತೆ ನೋಡಿದ, ಮೂಗಿಗೆ ತಾಗಿತು. ಕೂದಲೆಳೆಯಷ್ಟೂ ಸಂದು ಬಿಡದೆ ಕಲ್ಲು ಕೂರಿಸುತ್ತಿದ್ದ ಆ ಕೈ ಗಾಳಿಯಲ್ಲಿ ಬಾಯಿಯನ್ನು ಹುಡುಕುತ್ತಿತ್ತು. ಗದಿಗೆಮ್ಮ ನಗುವುದನ್ನು ನಿಲ್ಲಿಸಿದಳು.

ಮನೆಗೆ ಬಂದ ಮೇಲೆ ಅವಳು ಬೈಯಲಿಲ್ಲ, ಅಳಲಿಲ್ಲ. ಎಣ್ಣೆಯ ಬಾಟಲಿಯನ್ನು ಗೂಡಿನಲ್ಲಿಟ್ಟು ಹೇಳಿದಳು: “ನಾ ಎಂಟು ದಿನಕ್ಕಂತ ಬಂದೀನಿ. ಇಲ್ಲೇ ಇರಬೇಕು ಅಂತ ಮನಸಿನ್ಯಾಗಿತ್ತು, ಹೇಳಿದ್ದಿಲ್ಲ. ನಿಮ್ಮ ಕೈ ಮೊದಲಿನಂಗ ಆದ್ರ ಇರ್ತೀನಿ. ಇಲ್ಲಂದ್ರ ಊರಿಗೆ ಹೋಗ್ತೀನಿ. ದಿನಾ ಈ ಕೈ ನೋಡಿಕೋತ ಕುಂದ್ರೂದು ನನ್ನಿಂದ ಆಗಂಗಿಲ್ಲ.”

ಅವನು ಹೈದರಾಬಾದಿಗೆ ಬಂದಾಗಿನಿಂದ ಅವರಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಹಬ್ಬಗಳಲ್ಲಿ ಮಾತ್ರ. ಅವಳು ಇರುತ್ತೇನೆ ಎಂದದ್ದು ದ್ಯಾವಪ್ಪನಿಗೆ ಸಣ್ಣ ಮಾತಾಗಿರಲಿಲ್ಲ. “ಇವತ್ತಿಗೆ ಬಿಟ್ಟೆ,” ಎಂದ. ಬಿಟ್ಟೇಬಿಟ್ಟ.

ಅದೇ ದೊಡ್ಡ ತಪ್ಪಾಯಿತು.

ಒಂದು ದಿನ ಬೆವರಿದ, ನಡುಗಿದ, ಗೋಡೆಯ ಜೊತೆ ಗಣಿಯ ಮೇಸ್ತ್ರಿಯೊಡನೆ ಎಂಬಂತೆ ವಾದಕ್ಕಿಳಿದ. ಮರುದಿನ ಬೆಳಿಗ್ಗೆ ಚಹಾ ಕುಡಿಯಲು ಕೂತವನ ಕುತ್ತಿಗೆ ಒಂದು ಕಡೆ ತಿರುಗಿತು, ಹಿಂದೆ ಯಾರೋ ಕರೆದರೇನೋ ಎಂಬಂತೆ, ತಿರುಗಿದ್ದು ಮರಳಿ ಬರಲಿಲ್ಲ. ಹಲ್ಲು ಕಚ್ಚಿತು, ಮೈಯೆಲ್ಲ ಸೆಟೆದು ಅದುರತೊಡಗಿತು. ಗದಿಗೆಮ್ಮನ ಕೂಗು ಕೇಳಿ ಓಣಿಯೇ ಬಂತು. ಗಿರಿಜಾಬಾಯಿ ಸೆರಗಿನಡಿ ಸೀಸೆ ಹಿಡಿದುಕೊಂಡೇ ಓಡಿಬಂದಳು. “ಕಲ್ಲು ಸಿಗದಿದ್ರ ಹಿಂಗ ಆಗ್ತದವ್ವ. ಬಾಯಿಗಿ ಹಾಕು, ಎದ್ದು ಕೂಡ್ತಾನ. ನಾವು ಎಷ್ಟು ಮಂದೀಗಿ ನೋಡೀವಿ.”

ಗದಿಗೆಮ್ಮ ಸೀಸೆ ಕೈಗೆ ತೆಗೆದುಕೊಂಡಳು. ಕುಡಿಸಿದರೆ ಏಳುತ್ತಾನೆ, ಎದ್ದವನು ಮತ್ತೆ ಅಲ್ಲಿಗೇ ಹೋಗುತ್ತಾನೆ. ಕುಡಿಸದಿದ್ದರೆ ಏಳುತ್ತಾನೋ ಇಲ್ಲವೋ. ಕಚ್ಚಿದ ಹಲ್ಲಿನ ನಡುವೆ ಏನು ಹಾಕಿದರೂ ಗಂಟಲಿಗೆ ಅಡ್ಡ ಬೀಳುತ್ತದೆಂಬುದು ಮಾತ್ರ ಅವಳಿಗೆ ಕಂಡಿತು. “ಆಟೋ ಕರೀರಿ,” ಎಂದಳು. ಸೀಸೆಯನ್ನು ಬಿಸಾಡಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು. ಆಟೋದಲ್ಲಿ ದ್ಯಾವಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಗಿರಿಜಾಬಾಯಿ.

ದೊಡ್ಡಾಸ್ಪತ್ರೆಯಲ್ಲಿ ಅವತ್ತು ಇದ್ದ ಡಾಕ್ಟರು ಶ್ರೀವಿದ್ಯಾ. ಅವರ ತಂದೆ ರಕ್ಷಣಾ ಕಾರ್ಖಾನೆಯ ನೌಕರಿಗೆಂದು ಮೈಸೂರಿನಿಂದ ಬಂದವರು. ಇಂಜೆಕ್ಷನ್ ಕೊಟ್ಟು, ಮೈ ಸಡಿಲಾಗುವವರೆಗೂ ಪಕ್ಕದಲ್ಲೇ ನಿಂತರು. ಆಮೇಲೆ ಕನ್ನಡದಲ್ಲೇ ಕೇಳಿದರು: “ಒಂದೇ ಸಲಕ್ಕೆ ಬಿಡಿಸಿದ್ದು ಯಾರು?”

“ನಾನ್ರಿ,” ಎಂದಳು ಗದಿಗೆಮ್ಮ.

“ಒಳ್ಳೇದು ಮಾಡೋಕೆ ಹೋಗಿ ಪ್ರಾಣಕ್ಕೇ ಸಂಚಕಾರ ತಂದಿದ್ರಿ.”

ಗದಿಗೆಮ್ಮ ಸೆರಗು ಬಿಚ್ಚಿ ಸೀಸೆಯನ್ನು ಮೇಜಿನ ಮೇಲಿಟ್ಟಳು. “ಸೇಂದಿ ಬಿಟ್ರ ಮನಶ್ಯಾ ಹಿಂಗ ಆಗ್ತಾನೇನ್ರಿ? ನಮ್ಮೂರಾಗೂ ಕುಡೀತಾರ, ಬಿಡ್ತಾರ.”

ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದರು. “ಇದರಲ್ಲಿ ಮರದ ರಸ ಎಷ್ಟಿದೆಯೋ ದೇವರಿಗೇ ಗೊತ್ತಮ್ಮ. ನೀರು, ಸ್ಯಾಕ್ರಿನ್, ನಿದ್ದೆ ಮಾತ್ರೆಯ ಪುಡಿ. ಇವರ ಮೈ ಒಗ್ಗಿರೋದು ಆ ಪುಡಿಗೆ. ದಿನಾ ಸಿಗ್ತಿದ್ದದ್ದು ಒಮ್ಮೆಲೇ ನಿಂತರೆ ಮಿದುಳು ತಡೆಯಲ್ಲ, ಫಿಟ್ಸ್ ಬರುತ್ತೆ. ಸತ್ತೂ ಹೋಗ್ತಾರೆ. ನಾವು ಮಾತ್ರೆ ಕೊಟ್ಟು ಸ್ವಲ್ಪ ಸ್ವಲ್ಪವೇ ಇಳಿಸ್ತೀವಿ. ಬಿಡಬೇಕು, ಆದರೆ ಮೆಟ್ಟಿಲು ಇಳಿದ ಹಾಗೆ, ಮಾಳಿಗೆಯಿಂದ ಹಾರಿದ ಹಾಗಲ್ಲ.” ಲಿವರ್ ಆಗಲೇ ಕೆಟ್ಟಿದೆ, ಅದು ಪೂರ್ತಿ ಸರಿಹೋಗುವ ಮಾತಿಲ್ಲ ಎಂದೂ ಹೇಳಿದರು.

ಹಾಸಿಗೆಯ ಮೇಲಿಂದ ದ್ಯಾವಪ್ಪನ ದನಿ ಬಂತು. “ಡಾಕ್ಟರಮ್ಮಾ, ನಾ ಈಕಿಗೆ ಒಂದ್ ದಿನಾನೂ ಸುಳ್ಳು ಹೇಳಿಲ್ರಿ.”

“ಎಚ್ಚರಾದ್ರ ಇದನ್ನ ಮೊದಲು ಹೇಳ್ತಾರ ನೋಡ್ರಿ,” ಎಂದಳು ಗದಿಗೆಮ್ಮ. ಅವಳ ಕೈ ಅವನ ಪಾದದ ಮೇಲಿತ್ತು.

ಮಾತ್ರೆಗಳು ಗದಿಗೆಮ್ಮನ ಸೊಂಟದ ಚೀಲದಲ್ಲಿದ್ದವು. ಡಾಕ್ಟರು ಬರೆದಷ್ಟು ಮಾತ್ರ ಅವಳ ಕೈಯಿಂದಲೇ ಸಿಗುತ್ತಿತ್ತು. ಎಂಟು ದಿನಕ್ಕೆ ಹತ್ತಬೇಕಿದ್ದ ಊರಿನ ರೈಲು ಹೋಯಿತು. ಮುಂದಿನ ವಾರ ನೋಡೂನು ಎಂದಳು. ನಿದ್ದೆಗಾಗಿ ಕುಡಿದವನಿಗೆ ಈಗ ಮೊದಲು ಮುನಿಸಿಕೊಂಡದ್ದು ನಿದ್ದೆಯೇ. ಕೂತರೆ ಚಡಪಡಿಕೆ, ಹೊರಗೆ ಹೋದರೆ ಕಾಲು ತಾನಾಗಿ ಆ ಗೇಟಿನ ಕಡೆ. ಒಂದು ದಿನ ಗದಿಗೆಮ್ಮ ಓಣಿಯ ಕೆಸರು ತೋರಿಸಿ, “ಗಣಿಯವನ ಮನಿ ಮುಂದ ಇಂಥಾ ರಾಡಿ ಇರೂದು ಚೆಂದ ಕಾಣ್ತೈತೇನ್ರಿ?” ಎಂದಳು.

ಬಂಗಲೆಗಳ ಕೆಲಸದಲ್ಲಿ ಬಿಸಾಕುವ ಒಡೆದ ಪರ್ಸಿ ತುಂಡುಗಳನ್ನು ದ್ಯಾವಪ್ಪ ತಂದು, ತನ್ನ ಬಾಗಿಲಿನಿಂದ ಹಾಸಲು ಶುರು ಮಾಡಿದ. ಮೊದಲ ಸಾಲುಗಳನ್ನು ನೋಡಿದರೆ ಅಳಬೇಕೋ ನಗಬೇಕೋ ತಿಳಿಯದು. ಸಂದುಗಳು ಹಾವಿನ ಹಾಗೆ ಹರಿದಿದ್ದವು. ಒಂದು ಕಲ್ಲು ತಗ್ಗು, ಇನ್ನೊಂದು ದಿಬ್ಬ.

“ದ್ಯಾವಪ್ಪಾ, ಕುಡದವ ನೀನೋ ನಿನ್ನ ಕಲ್ಲೋ?” ಎಂದು ಗಿರಿಜಾಬಾಯಿ ಎಡವಿದಾಗಲೆಲ್ಲ ಕೇಳುತ್ತಿದ್ದಳು.

“ಇದು ಕಲ್ಲು ಬಿಟ್ಟ ಕಲ್ಲು ಅಕ್ಕಾ, ಅದಕ್ಕ ನಡಗಾಕತ್ತೈತಿ.”

ಗದಿಗೆಮ್ಮ ತಗ್ಗಿನಲ್ಲಿ ಮರಳು ತುಂಬಿ, ದಾರ ಹಿಡಿದು ಕೂತಿರುತ್ತಿದ್ದಳು. ಗಿರಿಜಾಬಾಯಿಯ ಬಾಗಿಲು ದಾಟುವ ಹೊತ್ತಿಗೆ ಕಲ್ಲುಗಳು ಎದ್ದು ಬೀಳುವುದನ್ನು ನಿಲ್ಲಿಸಿದವು. ನಳದ ಕಟ್ಟೆ ಮುಟ್ಟುವಾಗ ಸಂದು ನೇರವಾಯಿತು. ಓಣಿಯ ಬಾಯಿಗೆ ಬಂದಾಗ ಕೊನೆಯ ಸಾಲಿನ ಮೇಲೆ ಗದಿಗೆಮ್ಮ ಕಣ್ಣು ಮುಚ್ಚಿ ಅಂಗೈ ಆಡಿಸಿದಳು. ಎಲ್ಲಿ ಒಂದು ಕಲ್ಲು ಮುಗಿದು ಇನ್ನೊಂದು ಶುರುವಾಯಿತೆಂದು ಅವಳ ಕೈಗೆ ತಿಳಿಯಲಿಲ್ಲ.

“ಇರ್ತೀನಿ,” ಎಂದಳು.

“ಎಷ್ಟ್ ದಿನ?”

“ಕೇಳಬ್ಯಾಡ್ರಿ. ಇರ್ತೀನಿ ಅಂದೀನಲ್ಲ.”

ಇವತ್ತಿಗೂ ಆ ಓಣಿಗೆ ಹೋದವರು ಒಂದು ತುದಿಯಲ್ಲಿ ಎಡವಿ, ಇನ್ನೊಂದು ತುದಿಯಲ್ಲಿ ಸಲೀಸಾಗಿ ನಡೆಯುತ್ತಾರೆ. ಬಾಗಿಲ ಮುಂದಿನ ಸೊಟ್ಟ ಕಲ್ಲುಗಳನ್ನು ಕಿತ್ತು ಸರಿ ಮಾಡೆಂದು ಎಷ್ಟೋ ಜನ ಹೇಳಿದರೂ ದ್ಯಾವಪ್ಪ ಮಾಡಲಿಲ್ಲ. ಇರಲಿ, ನನ್ನ ಫೋಟೊ ಅದು ಎನ್ನುತ್ತಿದ್ದ.

ಆಮೇಲಿನ ವರ್ಷಗಳು ಒಳ್ಳೆಯವು. ಗದಿಗೆಮ್ಮ ಕೂಲಿಯವರಿಗೆ ರೊಟ್ಟಿ ಬಡಿದು ಅಡ್ಡಾದಲ್ಲಿ ಮಾರತೊಡಗಿದಳು. ಹೈದರಾಬಾದಿನ ಮಂದಿಗೆ ಪುಂಡಿಪಲ್ಯದ ರುಚಿ ತಾನೇ ಕಲಿಸಿದ್ದೆಂದು ಅವಳ ವಾದ, ಅವರು ಗೋಂಗೂರ ಎಂದು ಮೊದಲಿನಿಂದ ತಿನ್ನುತ್ತಿದ್ದರೆಂದು ಗಿರಿಜಾಬಾಯಿಯ ವಾದ. ಆ ಜಗಳ ಇನ್ನೂ ನಡೆದಿದೆ. ಭಾನುವಾರ ಗಂಡ ಹೆಂಡತಿ ಮೆಟ್ರೋ ಹತ್ತಿ ಕೊನೆಯ ನಿಲ್ದಾಣದವರೆಗೂ ಹೋಗಿ, ಇರಾನಿ ಚಹಾ ಕುಡಿದು ಅದೇ ಮೆಟ್ರೋದಲ್ಲಿ ವಾಪಸ್ ಬರುತ್ತಿದ್ದರು. ಒಮ್ಮೆ ಬೋನಾಲು ಹಬ್ಬದಲ್ಲಿ ಯಾರೋ ಕೈಗಿತ್ತ ಗ್ಲಾಸನ್ನು ದ್ಯಾವಪ್ಪ ಕುಡಿದ. ಮರುದಿನವೂ ಹೋಗಿ ಕುಡಿದ. ಮೂರನೆಯ ದಿನ ತಾನೇ ಬಂದು, “ಗದಿಗೀ, ಮತ್ತ ಆ ಕಲ್ಲು,” ಎಂದ. ಅವಳು ಚಪ್ಪಲಿ ಮೆಟ್ಟಿದಳು. ಇಬ್ಬರೂ ಶ್ರೀವಿದ್ಯಾ ಡಾಕ್ಟರ ಹತ್ತಿರ ಹೋದರು. ಅದಾದ ಮೇಲೆ ಅವನು ಮುಟ್ಟಲಿಲ್ಲ.

ಊರ ಕಡೆಯಿಂದ ಅಡ್ಡಾಕ್ಕೆ ಹೊಸಬರು ಬಂದರೆ ದ್ಯಾವಪ್ಪನ ಮೊದಲ ಪ್ರಶ್ನೆ ಒಂದೇ.

“ತಮ್ಮಾ, ಬೋರ್ಡ್ ಓದಾಕ ಬರ್ತೈತೇನು?”

“ಬರ್ತೈತ್ರಿ ಕಾಕಾ.”

“ಹಂಗಾದ್ರ ನಿನಗ ಭಾಳ ಡೇಂಜರ್ ಐತಿ. ಓದಾಕ ಬರದವ ಪಾರು.”

ಆಮೇಲೆ ಕಥೆ ಶುರುವಾಗುತ್ತಿತ್ತು. ಆಗಲೇ ಕಲ್ಲು ಕಾಂಪೌಂಡಿಗೆ ಹೋಗಿ ಬಂದವರು ಗುಂಪಿನಲ್ಲಿದ್ದರೆ ಅವರು ನಗುವ ಬಗೆಯಲ್ಲೇ ಅವನಿಗೆ ತಿಳಿಯುತ್ತಿತ್ತು. ಅವರನ್ನು ಪಕ್ಕಕ್ಕೆ ಕರೆದು, ಬಿಡು ಎನ್ನುತ್ತಿರಲಿಲ್ಲ. “ನನ್ನಂಗ ಒಮ್ಮಿಗೇ ಬಿಡಬ್ಯಾಡ. ನಡಿ, ಡಾಕ್ಟರಮ್ಮನ ಕಡಿ ಹೋಗೂನು,” ಎನ್ನುತ್ತಿದ್ದ. ಎಷ್ಟೋ ಜನ ಹಾಗೆ ಅವನ ಜೊತೆ ಹೋದರು. ಹೋಗದವರೂ ಇದ್ದರು, ಅವರಲ್ಲಿ ಇಬ್ಬರ ಹೆಣವನ್ನು ದ್ಯಾವಪ್ಪನೇ ಊರಿಗೆ ಮುಟ್ಟಿಸಿ ಬಂದ. ಆ ದಿನಗಳಲ್ಲಿ ಅವನು ಅಡ್ಡಾದಲ್ಲಿ ಕಥೆ ಹೇಳುತ್ತಿರಲಿಲ್ಲ.

ಡಾಕ್ಟರು ಮೊದಲ ದಿನ ಹೇಳಿದ್ದು ಸುಳ್ಳಾಗಲಿಲ್ಲ. ಕಳೆದ ಮಳೆಗಾಲದ ನಂತರ ಅವನ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು. ಬಿಟ್ಟು ಅಷ್ಟು ವರ್ಷವಾದರೂ ಲಿವರ್ ಹಳೆಯದನ್ನು ಮರೆತಿರಲಿಲ್ಲ. ಆಸ್ಪತ್ರೆಯಲ್ಲಿ ನೋಡಲು ಹೋದವರನ್ನೆಲ್ಲ ನಗಿಸಿ ಕಳಿಸಿದ. ಕೊನೆಗೆ ಒಂದು ಮಧ್ಯಾಹ್ನ, ಗದಿಗೆಮ್ಮ ತಲೆ ಬಾಚುತ್ತಿದ್ದಾಗ, ನಿದ್ದೆ ಬಂತು ಎಂದ. ಏಳಲಿಲ್ಲ. ಅವತ್ತು ಅಡ್ಡಾದಿಂದ ಯಾರೂ ಕೆಲಸಕ್ಕೆ ಹೋಗಲಿಲ್ಲ. ಅವನಿಲ್ಲದ ಅಡ್ಡಾದಲ್ಲಿ ಬೆಳಗು ಬಲು ಉದ್ದ.

ಕಾರ್ಯ ಮುಗಿದ ಮೇಲೆ ತಮ್ಮ ಮಲ್ಲು ಅಕ್ಕನ ಪಾತ್ರೆ ಪಗಡೆಗಳನ್ನು ಕಟ್ಟಲು ಶುರು ಮಾಡಿದ.

“ನಡಿ ಅಕ್ಕಾ ಊರಿಗೆ. ಇನ್ನ ಇಲ್ಲಿ ಏನೈತಿ? ನೀ ಬಂದಿದ್ದು ಎಂಟು ದಿನಕ್ಕ.”

“ಇರ್ತೀನಿ ಅಂದಿದ್ದೆ ಅವರಿಗೆ.”

“ಮಾವ ಇದ್ದಾಗ ಅಂದಿದ್ದಿ. ಈಗ ಮಾವನ ಇಲ್ಲ.”

“ಕೈ ನೆಟ್ಟಗಾದ್ರ ಇರ್ತೀನಿ ಅಂದಿದ್ದೆ, ಮಲ್ಲೂ. ಕಡೀತನಕ ನೆಟ್ಟಗ ಇಟಗೊಂಡ್ರು. ಅವರು ಮಾತು ನಡಿಸಿಕೊಟ್ಟಾರ, ನಾ ಯಾಕ ತಪ್ಪಲಿ?” ಎಂದು ಗದಿಗೆಮ್ಮ ಅವನ ಕೈಯಿಂದ ಹಿಟ್ಟು ನಾದುವ ಕೊಣಮಿಗೆಯನ್ನು ಕಸಿದುಕೊಂಡು ಹಿಟ್ಟು ಸುರಿದಳು. “ನಾಳಿ ಮುಂಜಾನಿ ಅಡ್ಡಾದಾಗ ಮಂದಿ ಹಸದು ನಿಂತಿರ್ತಾರ. ಅಳೂದಿದ್ರ ಒಲಿ ಊದಿಕೋತ ಅಳು, ಹೊಗಿ ಅಂತ ತಿಳಕೋತಾರ.”

ಬಾಗಿಲಲ್ಲಿ ನಿಂತಿದ್ದ ಗಿರಿಜಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, “ಗೋಂಗೂರ ಸೋಸಿ ಇಟ್ಟೀನಿ,” ಎಂದಳು.

“ಪುಂಡಿಪಲ್ಯ ಅನ್ರಿ,” ಎಂದಳು ಗದಿಗೆಮ್ಮ, ಹಿಟ್ಟಿಗೆ ಬಿಸಿನೀರು ಹಾಕುತ್ತ.